ಕಾಲ್ದೆಸೆಯ ನೋಟು

ಫೆಬ್ರವರಿ 16, ಶುಕ್ರವಾರ

ಬಿ.ಪಿ. ಮತ್ತೆ ಮೇಲೆ. ಉಪ್ಪು ಬಿಡು, ಸಿಟ್ಟು ಬಿಡು, ದಿನಾ ಬರೆದಿಡು ಎಂದಿದ್ದಾರೆ ಡಾಕ್ಟರು. ಉಪ್ಪು ಬಿಟ್ಟಿದ್ದೇನೆ. ಸಿಟ್ಟು? ಈ ಹೋಟೆಲಿನ ಮೂರನೇ ಮಹಡಿ ನೋಡಿಕೊಳ್ಳುವವಳು ಸಿಟ್ಟು ಬಿಟ್ಟರೆ ಒಂದು ಬೆಡ್‌ಶೀಟೂ ನೆಟ್ಟಗೆ ಹಾಸಿರುವುದಿಲ್ಲ. ಬರೆಯುವುದೊಂದು ನಡೆದಿದೆ. ಬಿ.ಪಿ. ಬರೆಯಲು ಕೂತರೆ ಉಳಿದದ್ದೂ ಬರುತ್ತದೆ, ಏನು ಮಾಡಲಿ.

ಚಿಯಾಂಗ್ ಮಾಯ್ ತುಂಬ ಹೊಗೆ. ಗುಡ್ಡದ ಹೊಲಗಳಿಗೆ ಬೆಂಕಿ ಇಡಲು ಶುರು ಮಾಡಿದ್ದಾರೆ. ಆದರೂ ವಿದೇಶಿಯರು ಬರುತ್ತಲೇ ಇದ್ದಾರೆ, ಕೆಮ್ಮುತ್ತ ಫೋಟೋ ತೆಗೆಯುತ್ತ.

ಮಧ್ಯಾಹ್ನ ಮ್ಯಾನೇಜರ್ ವರವುತ್ ಹೊಸ ಕಾರ್ಡು ತಂದರು. ರೂಮಿಗೊಂದು. 'ಥಾಯ್ಲೆಂಡಿನಲ್ಲಿ ಟಿಪ್ ಕೊಡುವ ರೀತಿ — ವಿದೇಶಿ ಅತಿಥಿಗಳಿಗಾಗಿ.' ಊಟದ ಅಂಗಡಿಯಲ್ಲಿ ಚಿಲ್ಲರೆ ಬಿಟ್ಟರೆ ಸಾಕು. ಆದರೆ ಒಂದೇ ಒಂದು ಬಾತ್ ನಾಣ್ಯ ಬಿಟ್ಟು ಬರಬೇಡಿ, ಅದು ಅವಮಾನ. ಮೈ ಒತ್ತುವವಳಿಗೆ ಅವಳ ಕೈಯಲ್ಲೇ ಕೊಡಿ, ಗಲ್ಲಾಪೆಟ್ಟಿಗೆಯಲ್ಲಿ ಅಲ್ಲ. ಇಲ್ಲಿಯವರೆಗೆ ಸರಿ. ರೂಮು ಗುಡಿಸುವವರ ಟಿಪ್ ದಿಂಬಿನ ಮೇಲೆ ಇಡಿ ಎಂದು ಬರೆಸಿದ್ದರು.

"ದಿಂಬು ತಲೆ ಇಡೋ ಜಾಗ ಸರ್. ಯಾರ್ಯಾರೋ ಮುಟ್ಟಿದ ದುಡ್ಡು ಅಲ್ಯಾಕೆ?"

"ಅವರ ದೇಶದಲ್ಲಿ ಹಾಗೇ ಇಡ್ತಾರೆ ಸುಪಿನ್."

"ಅವರ ದೇಶದಲ್ಲಿ ಶೂ ಹಾಕ್ಕೊಂಡೇ ಮಂಚ ಹತ್ತುತ್ತಾರೆ. ಅದನ್ನೂ ಬರೆಸಿ."

ಗೊಣಗುತ್ತ ಮತ್ತೆ ಪ್ರಿಂಟ್ ಹೊಡೆಸಿದರು. ವಾಕ್ಯ ನಾನೇ ಹೇಳಿದೆ: ದಿಂಬು ಬಿಟ್ಟು ಹಾಸಿಗೆಯ ಮೇಲೆ ಎಲ್ಲಾದರೂ ಇಡಿ. ಹಾಸಿಗೆಯ ಮೇಲಿದ್ದರೆ ಟಿಪ್. ಬೇರೆಲ್ಲಿದ್ದರೂ ನಿಮ್ಮದು, ನಾವು ಮುಟ್ಟುವುದಿಲ್ಲ. ಓದಿಕೊಂಡಾಗ ನನಗೇ ಹೆಮ್ಮೆ ಆಯಿತು. ರೂಮು ಗುಡಿಸುವ ಹುಡುಗಿಯರಿಗೂ ಅವರಲ್ಲೆಲ್ಲ ಹಿರಿಯರಾದ ಬುವಾಲೈ ದೊಡ್ಡಮ್ಮನಿಗೂ ಬಾಯಲ್ಲಿ ಹೇಳಿದ್ದೇನೆ. ದೊಡ್ಡಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅವರಿಗೆ ಟಿಪ್ ಹಾಸಿಗೆಯ ಮೇಲಿರುತ್ತದೆ ಎಂದಷ್ಟೇ ಹೇಳಿದೆ.

ಫೆಬ್ರವರಿ 20, ಮಂಗಳವಾರ

ಬಿ.ಪಿ. ಪರವಾಗಿಲ್ಲ.

ಸಂಜೆ ಟಿಪ್ ಡಬ್ಬಿ. ಬಿಸ್ಕತ್ತಿನ ಹಳೇ ಡಬ್ಬಿ ಅದು. ನಮ್ಮ ಮಹಡಿಯವರದೆಲ್ಲ ಅದಕ್ಕೇ, ತಿಂಗಳ ಕೊನೆಗೆ ಸಮಪಾಲು. ಥಿಪ್ ಇವತ್ತೂ ಎಲ್ಲರಿಗಿಂತ ಜಾಸ್ತಿ ತಂದಳು. ಅವಳ ಅದೃಷ್ಟ ಅವಳ ಹೆಸರಲ್ಲೇ ಇದೆ — ಎದೆ ಮೇಲಿನ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ 'ಟಿಪ್' ಅಂತಲೇ ಓದುತ್ತದೆ. ವಿದೇಶಿಯರು ನಕ್ಕು ಜೇಬಿಗೆ ಕೈ ಹಾಕುತ್ತಾರೆ.

ಮುನ್ನೂರಾರರಲ್ಲಿ ಶನಿವಾರದಿಂದ ಹಾರ್ಮ್ ಎಂಬ ಡಚ್ಚಿನವ. ಬಾಗಿಲು ದಾಟಲು ಬಗ್ಗಬೇಕು, ಅಷ್ಟೆತ್ತರ. ಆ ರೂಮು ಗುಡಿಸುವುದು ಬುವಾಲೈ ದೊಡ್ಡಮ್ಮ.

"ಮುನ್ನೂರಾರರಲ್ಲಿ ಇವತ್ತೂ ಇಲ್ವಾ ದೊಡ್ಡಮ್ಮ?" ಥಿಪ್ ಕೇಳಿದಳು.

"ಟಿಪ್ಪಾ? ಇಲ್ಲ ಕಣೇ."

"ಅಷ್ಟುದ್ದ ಇದಾನೆ, ಕೈ ಮಾತ್ರ ಜೇಬಿನ ತಳಕ್ಕೆ ಎಟುಕಲ್ಲ!"

"ಅಯ್ಯೋ ಪಾಪ, ಆ ಮನುಷ್ಯಂದು ಜೇಬೇ ತೂತು" ಎಂದರು ದೊಡ್ಡಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವರು ಯಾಕೆ ನಗುತ್ತಿದ್ದೀರಿ ಎಂಬಂತೆ ನೋಡಿದರು. ಅಂಟನ್ನದ ಬುಟ್ಟಿ ಬಿಚ್ಚಿ, ಹಸಿಮೆಣಸಿನ ಚಟ್ನಿ ಎಲ್ಲರಿಗೂ ಹಂಚಿದರು. ಉಪ್ಪು ಜೋರಿತ್ತು. ತಿಂದೆ.

ಫೆಬ್ರವರಿ 21, ಬುಧವಾರ

ದೊಡ್ಡಮ್ಮ ಬೆಳಗಿನ ರೂಮು ಮುಗಿಸಿ, ಇವತ್ತು ಮಧ್ಯಾಹ್ನದಿಂದ ರಜೆ. ಸೋಮವಾರ ಬರುತ್ತಾರೆ. ಕೈಚೀಲದಲ್ಲಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ದೋಯ್ ಸಕೆತ್ ಕಡೆಯ ಒಂದು ವಿಹಾರ, ತೀರಿಹೋದ ಮಗಳ ಹೆಸರಲ್ಲಿ ಮೌನವ್ರತ. ಮಾಖಪೂಜೆಯ ಹುಣ್ಣಿಮೆ ಮುಗಿಸಿ ಬರುವುದು.

"ಫೋನು ಬಾಗಿಲಲ್ಲೇ ಕೊಟ್ಬಿಡ್ಬೇಕು. ನಿಂಗೊಬ್ಬಳಿಗೇ ಹೇಳಿರೋದು ಸುಪಿನ್. ಮಾಡಿದ ಪುಣ್ಯ ಹೇಳ್ಕೊಂಡ್ರೆ ಅರ್ಧ ಹೋಗುತ್ತೆ."

ಕೀಲಿ ಗೊಂಚಲು ನನ್ನ ಕೈಗಿಟ್ಟರು. ಗೇಟಿನ ತನಕ ಹೋದವರು ತಿರುಗಿದರು. "ಹಾಂ, ಆ ಮುನ್ನೂರಾರರಲ್ಲಿ..." ಎಂದರು. ಅಷ್ಟರಲ್ಲಿ ಕೆಂಪು ಬಾಡಿಗೆ ಗಾಡಿಯವನು ಹಾರ್ನ್ ಬಡಿದ. "ಬಂದ್ಮೇಲೆ ಹೇಳ್ತೀನಿ ಬಿಡು. ಅದೇನು ಓಡಿಹೋಗಲ್ಲ."

ಹತ್ತಿ ಹೋದರು. ನಾನು ನೀರಿನ ಪೈಪು ಸೋರುತ್ತಿರಬೇಕು ಅಂದುಕೊಂಡೆ.

ಫೆಬ್ರವರಿ 22, ಗುರುವಾರ. ಮಧ್ಯಾಹ್ನ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮುನ್ನೂರಾರರಲ್ಲಿ ದುಡ್ಡು ಹೋಗಿದೆ. ಸಣ್ಣ ದುಡ್ಡಲ್ಲ, ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಮರಗೆತ್ತನೆ ಅಂಗಡಿಗೆ ಕೊಡಲು ತಂದಿಟ್ಟದ್ದಂತೆ. ಎಲ್ಲಿಟ್ಟಿದ್ದಿರಿ ಎಂದರೆ — ಶೂ ಒಳಗೆ! ಗೋಡೆಯಲ್ಲಿ ಲಾಕರ್ ಇದೆ. ಲಾಕರನ್ನು ಕಳ್ಳರೇ ಮೊದಲು ನೋಡುತ್ತಾರಂತೆ, ಶೂ ಯಾರೂ ನೋಡುವುದಿಲ್ಲವಂತೆ.

"ಮತ್ತೆ ನಿಮ್ಮ ಕಾರ್ಡಲ್ಲೇ ಇದೆಯಲ್ಲ ಮೇಡಂ" ಎಂದ. ಕೂಗಾಡಲಿಲ್ಲ, ಅದೇ ನನಗೆ ಜಾಸ್ತಿ ಭಯ. "ಹಾಸಿಗೆ ಬಿಟ್ಟು ಬೇರೆಲ್ಲಿದ್ದರೂ ಮುಟ್ಟಲ್ಲ ಅಂತ. ನಾನು ನಂಬಿದೆ."

ನನ್ನ ವಾಕ್ಯ. ನನ್ನ ಬಾಯಿಂದಲೇ ಹೊರಟದ್ದು.

ಮಂಚ ಎತ್ತಿದೆವು. ಕಂಬಳಿ ಮಗುಚಿದೆವು. ಡ್ರಾಯರು, ಕಸದ ಬುಟ್ಟಿ, ಬಚ್ಚಲ ಮೂಲೆ. ವರವುತ್ ಮೊಣಕಾಲೂರಿ ಕಪಾಟಿನ ಅಡಿಗೆ ಟಾರ್ಚ್ ಬಿಟ್ಟು ನೋಡಿದರು. ಧೂಳೂ ಇರಲಿಲ್ಲ. ದೊಡ್ಡಮ್ಮ ಗುಡಿಸಿದ ರೂಮಿನಲ್ಲಿ ಧೂಳು ಎಲ್ಲಿಂದ ಬರಬೇಕು.

ದುಡ್ಡು ಕೊನೆಯ ಸಲ ನೋಡಿದ್ದು ಮಂಗಳವಾರ ರಾತ್ರಿ ಎನ್ನುತ್ತಾನೆ. ನಿನ್ನೆ ರೂಮಿಗೆ ಹೋದವರು ದೊಡ್ಡಮ್ಮ. ಇವತ್ತು, ಅವನು ತಿಂಡಿಗೆ ಇಳಿದಾಗ ಹೋದವಳು ಥಿಪ್.

ಅದೇ ದಿನ, ಸಂಜೆ

ಥಿಪ್ ನನ್ನನ್ನು ಬೆಡ್‌ಶೀಟ್ ಕೋಣೆಗೆ ಎಳೆದುಕೊಂಡು ಹೋದಳು. ಕೈಯಲ್ಲಿ ನೂರರ ನೋಟು.

"ಅಕ್ಕಾ, ಇದು ಬೆಳಿಗ್ಗೆ ಮುನ್ನೂರಾರರಲ್ಲಿ ಸಿಕ್ತು. ಹಾಸಿಗೆ ಮೇಲೆ, ಕಾಲ್ದೆಸೇಲಿ."

"ಡಬ್ಬಿಗೆ ಹಾಕು."

"ಹಾಕ್ತೀನಿ. ಆದ್ರೆ ಅವನನ್ನ ಕೇಳ್ದೆ. ಬಂದಾಗಿಂದ ದಿನಾ ಇಡ್ತಾ ಇದಾನಂತೆ. ದಿನಾ! ಬಂದು ನೋಡಿದ್ರೆ ಇರಲ್ವಂತೆ. ದೊಡ್ಡಮ್ಮ ನಮ್ಮ ಮುಂದೆ ಏನಂದ್ರು? ಇಲ್ಲ ಕಣೇ, ಇಲ್ಲ ಕಣೇ ಅಂತ."

ಮರೆತಿರಬಹುದು ಎಂದೆ. ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ.

"ನಮ್ಮ ಪಾಲಿನ ನೂರು ಮುಚ್ಚಿಟ್ಟೋರಿಗೆ ಶೂ ಒಳಗಿನದು ಯಾವ ಲೆಕ್ಕ ಅಕ್ಕ? ಬೆಂಕಿ ಇಲ್ದೆ ಹೊಗೆ ಆಡುತ್ತಾ? ಅವರು ಎಲ್ಲೋ ಹೋಗಿ ಕೂತಿದಾರೆ, ಫೋನೂ ಆಫ್. ಇಲ್ಲಿ ಸಿಕ್ಕೋಳು ನಾನು. ನಂಗೊಂದು ಮಗು ಇದೆ." ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟಳು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು? 'ಆ ಮುನ್ನೂರಾರರಲ್ಲಿ...' ಎಂದು ಅರ್ಧಕ್ಕೆ ನಿಲ್ಲಿಸಿದ್ದು ಕಿವಿಯಲ್ಲೇ ಇದೆ. ಏನು ಹೇಳಲು ಹೊರಟಿದ್ದರು? ಹಾರ್ನ್ ಆಗಿದ್ದಕ್ಕೆ ನಿಲ್ಲಿಸಿದರೋ, ಹಾರ್ನ್ ಒಂದು ನೆಪವೋ...

ಛೀ. ಹದಿನೇಳು ವರ್ಷ ಒಂದೇ ಬುಟ್ಟಿಯ ಅನ್ನ ತಿಂದವಳು ನಾನು.

ಫೆಬ್ರವರಿ 23, ಶುಕ್ರವಾರ

ಬಿ.ಪಿ. ನೋಡಿಲ್ಲ. ನೋಡಲು ಧೈರ್ಯ ಇಲ್ಲ.

ಬೆಳಿಗ್ಗೆ ವರವುತ್ ಕರೆದರು. "ನಾಳೆ ಸಂಜೆ ತನಕ ತಡೀತೀನಿ ಅಂತ ಹಾರ್ಮ್ ಒಪ್ಪಿದಾರೆ. ಆಮೇಲೆ ಪೊಲೀಸು. ಬುವಾಲೈ ಎಲ್ಲಿದಾರೆ?"

"ಗೊತ್ತಿಲ್ಲ ಸರ್."

"ನಿಂಗೆ ಗೊತ್ತಿಲ್ಲ ಅಂದ್ರೆ ನಂಬ್ಲಾ?"

"ಪುಣ್ಯದ ಕೆಲಸಕ್ಕೆ ಹೋಗಿದಾರೆ. ಅಷ್ಟೇ ಗೊತ್ತು."

ಬಿಳಿ ಬಟ್ಟೆಯ ಹೆಂಗಸನ್ನು ಭಿಕ್ಷುಗಳ ಎದುರಿಂದ ಪೊಲೀಸರು ಎಬ್ಬಿಸಿಕೊಂಡು ಬಂದರೆ, ಆಮೇಲೆ ದುಡ್ಡು ಸಿಕ್ಕರೂ ಒಂದೇ, ಬಿಟ್ಟರೂ ಒಂದೇ. ಊರಿನಲ್ಲಿ ಮುಖ ಎತ್ತಿ ನಡೆಯುವ ಹಾಗಿಲ್ಲ. ಹೇಳದಿದ್ದರೆ ಥಿಪ್ ಸಿಕ್ಕಿಬೀಳುತ್ತಾಳೆ. ಎರಡು ದಿಕ್ಕಿಗೂ ಕತ್ತಿ. ಊಟಕ್ಕೆ ಹೋಗುತ್ತೇನೆಂದು ಹೇಳಿ ಗಾಡಿ ಹತ್ತಿದೆ. ಒಂದೇ ಮಾತು ಕೇಳಿ ಬರುವುದು, ತಗೊಂಡ್ರಾ ಇಲ್ಲವಾ ಅಂತ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ.

ವಿಹಾರದ ಬಾಗಿಲಲ್ಲಿ ತಲೆ ಬೋಳಿಸಿಕೊಂಡ ಮಾತೆಯೊಬ್ಬರು. "ಒಳಗಿರೋರು ಮಾತಾಡೋ ಹಾಗಿಲ್ಲಮ್ಮ. ತೀರಾ ತುರ್ತಾದ್ರೆ ಕರೀತೀನಿ."

ದೊಡ್ಡಮ್ಮ ಮಂಟಪದಲ್ಲಿ ದೀಪ ಒರೆಸುತ್ತಿದ್ದರು. ಬಿಳಿ ಬಟ್ಟೆಯಲ್ಲಿ ಇನ್ನೂ ಸಣ್ಣಗೆ ಕಂಡರು. ನನ್ನನ್ನು ನೋಡಿದರು. ಮುಖ ಅರಳಿತು. ಕೈ ಮುಗಿದರು.

"ಕರೀಲಾ?" ಮಾತೆ ಕೇಳಿದರು.

"ಬೇಡ ತಾಯಿ. ಸುಮ್ನೆ ನೋಡೋಕೆ ಬಂದೆ."

ದಾಕ್ಷಿಣ್ಯ! ದಾಕ್ಷಿಣ್ಯಕ್ಕೆ ಬಸುರಾದಳಂತಲ್ಲ ಯಾರೋ ಒಬ್ಬಳು, ಆ ಪೈಕಿ ನಾನು. ನಮ್ಮ ಜನವೇ ಹೀಗೆ. ಎದುರಿನವರ ಮನಸ್ಸಿಗೆ ಕಸಿವಿಸಿ ಆಗಬಾರದೆಂದು ಮನೆಗೆ ಬೆಂಕಿ ಬಿದ್ದಿದೆ ಅಂತಲೂ ಹೇಳುವುದಿಲ್ಲ. ಆದರೆ ಬರೀ ದಾಕ್ಷಿಣ್ಯ ಅಂದರೆ ಸುಳ್ಳಾಗುತ್ತದೆ. ಹೌದು ಎಂದು ತಲೆ ಆಡಿಸಿಬಿಟ್ಟರೆ? ಆ ಹೆದರಿಕೆ.

ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತೆ. ಮಂಟಪದಲ್ಲಿ ಭಕ್ತರು ಬಿದಿರಿನ ಕೊಂಬೆಗಳಿಗೆ ನೋಟು ಸಿಕ್ಕಿಸಿ ನಿಲ್ಲಿಸಿದ್ದ ಕಾಣಿಕೆ ಮರ. ಫ್ಯಾನಿನ ಗಾಳಿಗೆ ಒಂದು ನೋಟು ಕಿತ್ತುಬಂದು ನೆಲದ ಮೇಲೆ ಜಾರುತ್ತ ದೊಡ್ಡಮ್ಮನ ಕಾಲ ಹತ್ತಿರ ನಿಂತಿತು. ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡರು, ಹಣೆಗೆ ಒತ್ತಿಕೊಂಡರು. ಮರದ ಸುತ್ತ ಜನ ಕೂತಿದ್ದರು, ದಾಟಿ ಹೋಗುವ ಹಾಗಿರಲಿಲ್ಲ. ಅತ್ತಿತ್ತ ನೋಡಿ, ಕರವಸ್ತ್ರ ಮಡಿಸಿ, ತುದಿಗಾಲಲ್ಲಿ ನಿಂತು ಕಿಟಕಿಯ ಮೇಲಿನ ಅಂಚಿಗೆ ಹಾಸಿ, ಅದರ ಮೇಲೆ ನೋಟು ಇಟ್ಟರು. ಮತ್ತೆ ದೀಪ ಒರೆಸಲು ಕೂತರು. ನಾನು ಹೊರಟುಬಂದೆ.

ಸಂತೆಯ ಹತ್ತಿರ ಗಾಡಿಯವನಿಗೆ ಕೊಡುವಾಗ ನನ್ನ ಕೈಯಿಂದ ಇಪ್ಪತ್ತರ ನೋಟು ಕೆಳಗೆ ಬಿತ್ತು. ಎತ್ತಿ ಹಣೆಗೆ ಒತ್ತಿಕೊಂಡೆ. ಯಾವಾಗಲೂ ಮಾಡುವುದೇ, ನೋಟಿನ ಮೇಲೆ ರಾಜರ ಮುಖ ಇದೆಯಲ್ಲ, ಕಾಲ ಹತ್ತಿರ ಬಿಡುತ್ತೇವೆಯೇ? ಒತ್ತಿಕೊಂಡವಳು ಹಾಗೇ ನಿಂತುಬಿಟ್ಟೆ. ಗಾಡಿಯವನು, "ಏನಕ್ಕ, ದುಡ್ಡು ಕೊಡೋಕೆ ಮನಸ್ಸಿಲ್ವಾ?" ಎಂದ.

ಶೂ ಒಳಗೆ. ಶೂ ಒಳಗೆ ರಾಜರ ಮುಖ.

ನಾವೆಲ್ಲ ಕೆಳಗೆ ಹುಡುಕಿದೆವು.

ಈಗಲೇ ಮುನ್ನೂರಾರರ ರೂಮಿಗೆ ಓಡಬೇಕು ಅನ್ನಿಸುತ್ತದೆ. ಹಾರ್ಮ್ ಇಲ್ಲ, ರಾತ್ರಿ ಊಟಕ್ಕೆ ಹೋಗಿದ್ದಾನೆ. ಒಬ್ಬಳೇ ಒಳಗೆ ಹೋದರೆ ಇಟ್ಟವಳೂ ನಾನೇ ಎನ್ನುತ್ತಾರೆ. ಬೆಳಿಗ್ಗೆ ಎಲ್ಲರ ಎದುರಿಗೆ. ಸಿಗದಿದ್ದರೆ? ಸಿಗದಿದ್ದರೆ ದೊಡ್ಡಮ್ಮನ ಕಥೆ ಮುಗಿಯಿತು, ಜೊತೆಗೆ ಸುಳ್ಳು ಹೇಳಿದ ನನ್ನದೂ.

ಫೆಬ್ರವರಿ 24, ಶನಿವಾರ, ಮಾಖಪೂಜೆ

ಎಂಟು ಗಂಟೆಗೆ ಮುನ್ನೂರಾರರ ಬಾಗಿಲು ತಟ್ಟಿದೆ. ಜೊತೆಗೆ ವರವುತ್, ಥಿಪ್. ಹಾರ್ಮ್ ಬನಿಯನ್ನಿನಲ್ಲಿ ಬಾಗಿಲು ತೆಗೆದ. ದೊಡ್ಡಮ್ಮ ಫ್ಯಾನ್ ಒರೆಸಲು ಇಟ್ಟುಕೊಂಡಿದ್ದ ಎತ್ತರದ ಸ್ಟೂಲು ತಂದಿದ್ದೆ. ಕಪಾಟಿನ ಮುಂದೆ ಹಾಕಿ ಹತ್ತಿದೆ. ಆ ಕಪಾಟಿಗೆ ಮೇಲುಗಡೆ ಕೆತ್ತನೆಯ ಎತ್ತರದ ಅಂಚಿದೆ. ಅದರ ಹಿಂದೆ ಏನಿದ್ದರೂ ಕೆಳಗೆ ನಿಂತವರಿಗೆ ಕಾಣದು, ಆ ಉದ್ದದ ಮನುಷ್ಯನಿಗೂ.

ಕೈ ಆಡಿಸಿದೆ. ಮರ, ಮರ, ಮರ. ಏನೂ ಇಲ್ಲ. ತುದಿಗಾಲಲ್ಲಿ ನಿಂತೆ, ಸ್ಟೂಲು ಅಲುಗಾಡಿತು. "ಬೀಳ್ತೀಯ ಸುಪಿನ್, ಇಳಿ" ಎಂದರು ವರವುತ್. ಇನ್ನೂ ಒಳಗೆ ಕೈ ಚಾಚಿದೆ. ಬಟ್ಟೆ ಸಿಕ್ಕಿತು.

ಒಗೆದ ಬಿಳಿ ಟವೆಲು, ನಾಲ್ಕು ಮಡಿಕೆ. ಅದರ ಮೇಲೆ ನೋಟಿನ ಕಂತೆ, ರಾಜರ ಮುಖ ಮೇಲಕ್ಕೆ. ಪಕ್ಕದಲ್ಲಿ ಒಂದು ಒಣಗಿದ ಮಲ್ಲಿಗೆ. ಎರಡೂ ಕೈಯಲ್ಲಿ ಹಿಡಿದು ಇಳಿದೆ. ಅಳು ಬಂತು, ಅತ್ತೆ. ಯಾರಿದ್ದರೇನು.

"ಶೂ ಒಳಗಿತ್ತಲ್ಲ, ಅದಕ್ಕೆ" ಎಂದೆ ಹಾರ್ಮ್‌ಗೆ. "ನಮ್ಮಲ್ಲಿ ಕಾಲು ಕೀಳು, ತಲೆ ಮೇಲು. ಕೀಳು ಜಾಗದಲ್ಲಿದ್ದದ್ದನ್ನ ಮೇಲು ಜಾಗದಲ್ಲಿ ಇಟ್ಟಿದಾರೆ. ಅಷ್ಟೇ ಮಾಡಿರೋದು."

ಅವನು ಎಣಿಸಿದ. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಎಣಿಸಿದ. ಮತ್ತೆ ಕಮ್ಮಿ ಬಂತೋ ಎಂದುಕೊಂಡೆ.

"ಜಾಸ್ತಿ ಇದೆ" ಎಂದ. "ನೂರರ ನಾಲ್ಕು ನೋಟು ಜಾಸ್ತಿ ಇದೆ."

ನಾಲ್ಕು ದಿನ, ನಾಲ್ಕು ನೋಟು. ಕಾಲ್ದೆಸೆಯಲ್ಲಿ ಇಟ್ಟದ್ದು. ಅದು ತನಗೆ ಕೊಟ್ಟ ಟಿಪ್ ಎಂದೇ ದೊಡ್ಡಮ್ಮನಿಗೆ ಗೊತ್ತಾಗಿಲ್ಲ. ಹಾಸಿಗೆಯ ಮೇಲೆ ಎಂದಿದ್ದೆ ನಿಜ, ಆದರೆ ಕೊಡುವವರು ಯಾರಾದರೂ ಕಾಲ ಹತ್ತಿರ ಇಡುತ್ತಾರೆಯೇ? ಪ್ಯಾಂಟು ಹಾಕುವಾಗ ಜೇಬಿನಿಂದ ಬಿದ್ದದ್ದು ಎಂದುಕೊಂಡು ದಿನಾ ಎತ್ತಿ ಮೇಲಿಟ್ಟಿದ್ದಾರೆ. 'ಆ ಮನುಷ್ಯಂದು ಜೇಬೇ ತೂತು.' ನಾವು ಅವತ್ತು ನಕ್ಕಿದ್ದೆವು.

ಹಾರ್ಮ್ ಮಂಚದ ಮೇಲೆ ಕುಸಿದು ಕೂತ. "ಕಾರ್ಡಿನಲ್ಲಿ ದಿಂಬು ಬೇಡ ಅಂತಿತ್ತು. ಅದಕ್ಕೆ ದಿಂಬಿಂದ ಆದಷ್ಟು ದೂರ ಇಟ್ಟೆ" ಎಂದ. ಮುಖ ಕೆಂಪಗಾಗಿತ್ತು. ಥಿಪ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು.

"ಬುವಾಲೈಗೆ ಯಾರೂ ಹೇಳೋದು ಬೇಡ" ಎಂದರು ವರವುತ್. "ಏನೂ ಆಗಿಲ್ಲ." ಎಲ್ಲರೂ ತಲೆ ಆಡಿಸಿದೆವು. ನಾನು ಎಲ್ಲರಿಗಿಂತ ಜೋರಾಗಿ.

ಫೆಬ್ರವರಿ 26, ಸೋಮವಾರ

ಬಂದರು. ಕೂದಲಿಗೆ ಎಣ್ಣೆ ಹಾಕಿ ಬಾಚಿದ್ದರು, ಮುಖ ತಿಳಿಯಾಗಿತ್ತು. ಹಾರ್ಮ್ ಮಧ್ಯಾಹ್ನದ ವಿಮಾನಕ್ಕೆ ಹೊರಡಬೇಕು, ಆದರೂ ಬೆಳಗಿನಿಂದ ಕೆಳಗೆ ಕಾದಿದ್ದ. ಬಗ್ಗಿ, ಇನ್ನೂ ಬಗ್ಗಿ, ತನ್ನ ತಲೆ ಅವರ ತಲೆಗಿಂತ ಕೆಳಗೆ ಬರುವಷ್ಟು ಬಗ್ಗಿ ಎರಡೂ ಕೈಯಲ್ಲಿ ಲಕೋಟೆ ಕೊಟ್ಟ.

ದೊಡ್ಡಮ್ಮ ಬಿಚ್ಚಿ ನೋಡಿ ಗಾಬರಿಯಾದರು. "ಇಷ್ಟೊಂದು ಯಾಕೆ? ಏನಾಯ್ತು ಇವನಿಗೆ?"

"ರೂಮು ಚೆನ್ನಾಗಿಟ್ಟಿದ್ರಲ್ಲ, ಖುಷಿ ಆಯ್ತಂತೆ" ಎಂದೆ.

"ಹಂಗಾದ್ರೆ ಕೇಳು ಇವನ್ನ. ದೊಡ್ಡ ಮನುಷ್ಯ, ಓದಿದೋನು, ರಾಜರನ್ನ ಶೂ ಒಳಗೆ ತುರುಕ್ತಾರೇನಪ್ಪಾ? ನಂಗೆ ಎದೆ ಒಡೆದುಹೋಯ್ತು! ಮೇಲಿಟ್ಟಿದ್ದೆ, ಸಿಕ್ತಾ ಕೇಳು. ಸುಪಿನ್‌ಗೆ ಹೇಳ್ಬೇಕು ಅನ್ನೋಷ್ಟ್ರಲ್ಲಿ ಗಾಡಿ ಬಂತು."

"ಸಿಕ್ತಂತೆ."

"ಜೇಬು ಹೊಲಿಸ್ಕೋ ಅಂತ ಹೇಳು."

ಹೇಳಿದೆ. ಅವನು ಜೇಬು ಮುಟ್ಟಿಕೊಂಡು ನಕ್ಕ. ಕಣ್ಣು ಒದ್ದೆಯಾಗಿತ್ತು. ದೊಡ್ಡಮ್ಮ ಲಕೋಟೆ ಹಾಗೇ ತಂದು ಟಿಪ್ ಡಬ್ಬಿಗೆ ಹಾಕಿದರು, ಪೂರ್ತಿ. "ತಿಂಗಳ ಕೊನೆ ಅಲ್ವಾ, ಥಿಪ್ ಮಗೂಗೆ ಬಟ್ಟೆ ಆಗುತ್ತೆ" ಎಂದರು. ಥಿಪ್ ಅಲ್ಲಿ ನಿಲ್ಲಲಾರದೆ ಟ್ರಾಲಿ ತಳ್ಳಿಕೊಂಡು ಹೋದಳು.

ಸಂಜೆ ಬಟ್ಟೆ ಮಡಿಸುವಾಗ ಕೇಳಿದರು. "ಶುಕ್ರವಾರ ವಿಹಾರಕ್ಕೆ ಬಂದಿದ್ಯಲ್ಲ. ಏನೋ ಕೇಳೋಕೆ ಬಂದ ಹಾಗಿತ್ತು?"

"ಹಬ್ಬಕ್ಕೆ ಕೈ ಮುಗಿಯೋಕೆ ಬಂದೆ ದೊಡ್ಡಮ್ಮ."

"ಹಬ್ಬ ಶನಿವಾರ ಇತ್ತು" ಎಂದರು. ಬೆಡ್‌ಶೀಟಿನ ಆ ತುದಿ ಅವರ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ. ಮಡಿಸಿದೆವು.

ಫೆಬ್ರವರಿ 27, ಮಂಗಳವಾರ. ಮಧ್ಯಾಹ್ನ

ಹಳೇ ಕಾರ್ಡು ಎಲ್ಲ ರೂಮಿಂದಲೂ ತೆಗೆಸುತ್ತಿದ್ದೇವೆ. ದೊಡ್ಡಮ್ಮ ಮುನ್ನೂರಾರರದು ಹಿಡಿದುಕೊಂಡು ಬಂದರು. "ಇದ್ರಲ್ಲಿ ಏನು ಬರ್ದಿದೆ, ಓದು."

ಓದಿದೆ. ಕೊನೆಯ ವಾಕ್ಯ ಬಿಟ್ಟು ಓದಬೇಕೆಂದಿದ್ದೆ. ನಾಲಿಗೆ ಅದನ್ನೂ ಓದಿತು. ಬೇರೆಲ್ಲಿದ್ದರೂ ನಿಮ್ಮದು, ನಾವು ಮುಟ್ಟುವುದಿಲ್ಲ.

ಕಾರ್ಡನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡರು. "ನಾನು ಮುಟ್ಟಿದ್ನಲ್ಲ" ಎಂದರು. "ಅವನು ಹುಡುಕಿದಾನೆ. ಸಿಕ್ಕಿಲ್ಲ. ಅದಕ್ಕೇ ನೀನು ಶುಕ್ರವಾರ ಬಂದೆ. ಅಲ್ವಾ ಸುಪಿನ್?"

ನಾನು ಉಳಿದ ಕಾರ್ಡುಗಳನ್ನು ಜೋಡಿಸತೊಡಗಿದೆ. ಅವರು ಬೈಯಲಿಲ್ಲ. ಐಸ್ ಕಾಫಿ ತರ್ತೀನಿ, ಎರಡು, ಎಂದು ಹೇಳಿ ಕೆಳಗೆ ಹೋದರು. ಬರುವುದರೊಳಗೆ ಇಲ್ಲಿ ಬರೆದು ನೋಡಿಕೊಳ್ಳುತ್ತೇನೆ. ಬರೆದರೆ ಬಾಯಿಗೂ ಬಂದೀತು. ದೊಡ್ಡಮ್ಮ, ಪೊಲೀಸಿನವರಿಂದ ಉಳಿಸೋಕೆ ಬಂದೆ ಅಂತ ಹೇಳಬಹುದು. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ನೀವು ನನ್ನ ನೋಡಿ ನಕ್ಕಾಗಲೂ, ಕೈ ಮುಗಿದಾಗಲೂ ನಾನು ನಿಮ್ಮನ್ನ...

ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಗ್ಲಾಸಿನಲ್ಲಿ ಐಸು. ಬಾಗಿಲಿಗೆ ಬಂದರು, ನಗುತ್ತಿದ್ದಾರೆ. ಹೇಳಿಬಿಡ್ತೀನಿ. ದೊಡ್ಡಮ್ಮ, ಅವತ್ತು ನಾನು